ಚಿನಕುರಳಿಯ ಐದು ಬಾಟಲಿಗಳು

ಮಕ್ಕಳ ಸಾಮಾನಿನ ಅಂಗಡಿಯವಳು ಅಂಥ ಗಿರಾಕಿಯನ್ನು ಜನ್ಮದಲ್ಲೇ ಕಂಡಿರಲಿಲ್ಲ. ಬಂದವನು ಬಾಟಲಿಯ ಬಣ್ಣ ನೋಡಲಿಲ್ಲ, ಅದರ ಮೇಲಿದ್ದ ಆನೆ ಮೊಲಗಳ ಚಿತ್ರ ನೋಡಲಿಲ್ಲ. ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ಒಂದೊಂದರ ಕುತ್ತಿಗೆಯೊಳಗೂ ಬೆಳಕು ಬಿಟ್ಟು, ಒಂದು ಕಣ್ಣು ಮುಚ್ಚಿ ಇಣುಕಿದ. ತಿರುಪಿನ ಸುತ್ತುಗಳನ್ನು ಉಗುರಿನಿಂದ ಎಣಿಸಿದ. ಕೊನೆಗೆ ಒಂದು ಚೊಂಬು ನೀರು ಕೇಳಿದ.

"ಕುಡಿಯೋಕಾ ಸಾರ್?"

"ಅಲ್ಲಕ್ಕಾ, ಇವಕ್ಕೆ ತುಂಬಿಸಿ ತಲೆಕೆಳಗು ಮಾಡಿ ನೋಡೋಕೆ. ಸೋರೋ ಮಾಲು ನಾನು ಮುಟ್ಟಲ್ಲ."

ಅವನು ಪ್ಲಂಬರ್. ಹತ್ತಾರು ಬೀದಿಗಳಲ್ಲಿ ಅವನನ್ನು ವಾಷರ್ ಎಂದೇ ಕರೆಯುತ್ತಿದ್ದರು. ಕರೆದರೆ ಅವನಿಗೆ ಬೇಸರವಿರಲಿ, ಒಳಗೊಳಗೇ ಖುಷಿಯಾಗುತ್ತಿತ್ತು. ತಾನು ಬಿಗಿದ ನಲ್ಲಿಯಲ್ಲಿ ಒಂದೇ ಒಂದು ಹನಿ ಸೋರಿದರೂ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಎಲ್ಲರೆದುರು ಕೊಚ್ಚಿಕೊಳ್ಳುವುದು ಅವನ ಅಭ್ಯಾಸ. ಹದಿನಾಲ್ಕು ವರ್ಷದಿಂದ ಮೀಸೆ ಹಾಗೇ ಇತ್ತು, ದಪ್ಪಗೆ ಇತ್ತು.

ಅಂಗಡಿಯವಳಿಗೆ ನಗು ಬಂದರೂ ತಡೆದುಕೊಂಡಳು. ಯಾಕೆಂದರೆ ಗಿರಾಕಿಯ ಕಣ್ಣುಗಳು ಕೆಂಪಗಿದ್ದವು. ಅವನು ಅಂದು ಬೆಳಗ್ಗೆಯೇ ಮಕ್ಕಳ ಡಾಕ್ಟರ ಬಾಯಲ್ಲಿ ಕೇಳಬಾರದ ಮಾತು ಕೇಳಿ ಬಂದಿದ್ದ.

ಮಗಳಿಗೆ ಒಂಬತ್ತು ವಾರ. ತಿಂಗಳು ತುಂಬುವ ಮೊದಲೇ ಅವಸರ ಮಾಡಿಕೊಂಡು ಹುಟ್ಟಿದವಳು. ತಾಯಿಯ ಮೊಲೆ ಚೀಪುವಷ್ಟು ಕಸುವು ಇರಲಿಲ್ಲವಾದ್ದರಿಂದ ಹಾಲು ಹಿಂಡಿ ಬಾಟಲಿಯಲ್ಲಿ ಕೊಡುತ್ತಿದ್ದರು. ಕಸುವು ಇಲ್ಲದಿದ್ದದ್ದು ಚೀಪುವುದಕ್ಕೆ ಮಾತ್ರ, ಕಿರುಚುವುದಕ್ಕಲ್ಲ. ಹುಟ್ಟಿದ ದಿನವೇ ಅವನ ಅತ್ತೆ ಅವಳಿಗೆ ಚಿನಕುರಳಿ ಎಂದು ಹೆಸರಿಟ್ಟಿದ್ದರು. ನಾಲ್ಕು ಗುಟುಕು ಕುಡಿದ ಕೂಡಲೇ ಬಿಲ್ಲಿನಂತೆ ಹಿಂದಕ್ಕೆ ಬಾಗುವಳು. ಮುಖ ಕೆಂಪಾಗುವುದು, ಕಾಲು ಹೊಟ್ಟೆಗೆ ಸೆಳೆದುಕೊಳ್ಳುವಳು. ಆಮೇಲೆ ಒಂದು ಚೀರು, ಅದರ ಹಿಂದೆಯೇ ಕುಡಿದದ್ದೆಲ್ಲ ಹೊರಗೆ. ಹದಿನೈದು ದಿನದಿಂದ ತೂಕದ ಮುಳ್ಳು ಒಂದಿಷ್ಟೂ ಅಲುಗಿರಲಿಲ್ಲ.

"ಹಾಲಿನ ಜೊತೆ ಗಾಳಿ ನುಂಗ್ತಾ ಇದೆ, ಅದು ಮೇಲೆ ಬರೋವಾಗ ಹಾಲನ್ನೂ ಎಳ್ಕೊಂಡು ಬರ್ತಿದೆ," ಎಂದಿದ್ದರು ಡಾಕ್ಟರಮ್ಮ. "ಬಾಟ್ಲಿ ಬದಲಾಯಿಸಿ ನೋಡಿ. ಬರೋ ಶುಕ್ರವಾರಕ್ಕೆ ನೂರೈವತ್ತು ಗ್ರಾಂ ಆದ್ರೂ ಏರಬೇಕು. ಇಲ್ದಿದ್ರೆ ಆಸ್ಪತ್ರೆಗೆ ಸೇರಿಸಿ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ ಹಾಲು ಕೊಡ್ಬೇಕಾಗುತ್ತೆ."

ಬೆಳಗಾದರೆ ಪೈಪು, ಸಂಜೆಯಾದರೆ ಪೈಪು ಎಂದು ಬದುಕಿದವನಿಗೆ ಆ ಒಂದು ಪೈಪಿನ ಮಾತು ಕೇಳಿ ಕೈಕಾಲು ಆಡಲಿಲ್ಲ. ಮಗಳ ಮೂಗು ಎಷ್ಟಿತ್ತು ಮಹಾ! ಅವನ ಕಿರುಬೆರಳಿನ ಉಗುರಿನಷ್ಟು.

ಹಾಗಾಗಿ ಈಗ ಅವನು ಅಂಗಡಿಯಲ್ಲಿದ್ದ. ಮನೆಯಲ್ಲಿದ್ದ ನೆಟ್ಟಗಿನ ಸಾದಾ ಬಾಟಲಿಯನ್ನು ಒಂದನೆಯ ನಂಬರು ಎಂದುಕೊಂಡರೆ, ಅಂಗಡಿಯವಳು ಇನ್ನೂ ನಾಲ್ಕನ್ನು ಮುಂದಿಟ್ಟಳು. ಎರಡನೆಯದಕ್ಕೆ ಸೊಟ್ಟ ಕುತ್ತಿಗೆ. ಹಿಡಿದಾಗ ನಿಪ್ಪಲಿನಲ್ಲಿ ಹಾಲೇ ತುಂಬಿರುತ್ತದೆ, ಗಾಳಿ ನಿಲ್ಲುವುದಿಲ್ಲ. ಮೂರನೆಯದರ ಒಳಗೆ ಉದ್ದಕ್ಕೂ ಒಂದು ಕೊಳವೆ. ನಾಲ್ಕನೆಯದರ ತಳದಲ್ಲಿ ಸಣ್ಣ ಸಣ್ಣ ತೂತು. ಐದನೆಯದು ಅಗಲ ಬಾಯಿಯದು, ನಿಪ್ಪಲಿನ ಅಂಚಿನಲ್ಲಿ ಸೂಜಿಮೊನೆಯಷ್ಟು ಕಂಡಿ. ನಾಲ್ಕಕ್ಕೂ ಹಾಲು ನಿಧಾನವಾಗಿ ಬರುವ ನಿಪ್ಪಲ್ಲು.

ಕೊಳವೆಯ ಬಾಟಲಿ ನೋಡಿ ವಾಷರ್ ಮರುಳಾಗಿಹೋದ. "ಇದನ್ನ ಮಾಡಿದವನು ನಮ್ಮ ಕಸುಬಿನವನೇ ಇರ್ಬೇಕು ಕಣಕ್ಕಾ!"

"ಯಾವುದು ಕೊಡ್ಲಿ ಸಾರ್?"

"ನಾಲ್ಕೂ ಕೊಡಿ!"

ಮೂರು ಮೂರು ಬಾಟಲಿಯ ನಾಲ್ಕೂ ಡಬ್ಬಿಗಳನ್ನು ಎದೆಗವಚಿಕೊಂಡು ಅವನು ಮನೆಗೆ ಓಡಿದ್ದನ್ನು ನೋಡಿದವರು, ಇವನಿಗೆ ಏನೋ ಬಹುಮಾನ ಬಂದಿದೆ ಎಂದುಕೊಂಡಿರಬೇಕು.

ಅವನ ಹೆಂಡತಿಯದು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಅವನು ನೀರು ಹರಿಸುವವನು, ಅವಳು ಆ ನೀರಿನಲ್ಲಿ ಏನಿದೆ ಎಂದು ನೋಡುವವಳು. ರಜೆಯ ಮೇಲೆ ಮನೆಯಲ್ಲಿದ್ದರೂ ಲ್ಯಾಬಿನ ಬುದ್ಧಿ ರಜೆ ಹಾಕಿರಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಒಂದು ದೊಡ್ಡ ಹಾಳೆ ಅಂಟಿಸಿ ಗೆರೆ ಎಳೆದೇ ಬಿಟ್ಟಳು. ಹೊತ್ತು, ಬಾಟಲಿಯ ನಂಬರು, ಕೊಟ್ಟವರು ಯಾರು, ಕುಡಿದದ್ದೆಷ್ಟು, ಕಕ್ಕಿದ್ದೆಷ್ಟು, ಅತ್ತದ್ದು ಎಷ್ಟು ಹೊತ್ತು.

"ರೀ, ಒಂದು ಸಲಕ್ಕೆ ಒಂದೇ ಬದಲಾಯಿಸ್ಬೇಕು. ಬಾಟ್ಲಿ ಬದಲಾದ್ರೆ ಮಿಕ್ಕಿದ್ದೆಲ್ಲ ಹಾಗೇ ಇರ್ಬೇಕು. ಆಗ್ಲೇ ಯಾವುದು ಕೆಲ್ಸ ಮಾಡ್ತಿದೆ ಅಂತ ಗೊತ್ತಾಗೋದು."

"ಸರಿ. ಜೋಡಿಸೋದೆಲ್ಲ ನಂದೇ ಜವಾಬ್ದಾರಿ. ನೀನೂ ಅತ್ತೇನೂ ಕೈ ಹಾಕ್ಬೇಡಿ."

"ಡಬ್ಬೀಲಿ ಚೀಟಿ ಇದೆಯಲ್ಲ, ಹೇಗೆ ಜೋಡಿಸ್ಬೇಕು ಅಂತ. ಓದ್ರೀ."

"ಪ್ಲಂಬರ್‌ಗೆ ಮುಚ್ಚಳ ತಿರುಗಿಸೋದು ಹೇಳ್ಕೊಡೋ ಚೀಟೀನಾ!" ಎಂದು ನಕ್ಕು, ಅವನು ನಾಲ್ಕೂ ಚೀಟಿಗಳನ್ನು ಉಂಡೆ ಮಾಡಿ ಬುಟ್ಟಿಗೆಸೆದ. ಕುದಿಸಿ ಒಣಗಿಸುವ ವಿಚಾರವೆಲ್ಲ ಬಲ್ಲ ಹೆಂಡತಿ, ಜೋಡಿಸುವ ಕೆಲಸ ಅವನದೇ ಎಂದು ಸುಮ್ಮನಾದಳು.

ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅವನು ಇಡೀ ದಿನದ ಬಾಟಲಿಗಳನ್ನು ಸಾಲಾಗಿ ಜೋಡಿಸಿ ಹೆಂಡತಿ ಹಿಂಡಿಟ್ಟ ಹಾಲು ತುಂಬಿಸಿ ಫ್ರಿಜ್ಜಿನಲ್ಲಿಡುತ್ತಿದ್ದ. ಮೊದಲ ದಿನ ತಲೆಕೆಳಗು ಮಾಡಿ ನೋಡಿದಾಗ ಮುಚ್ಚಳದ ರಿಂಗಿನ ಬಳಿ ಒಂದು ಹನಿ ಕಂಡಿತು. ಸೋರುವ ವಸ್ತುವನ್ನು ಮಗಳ ಬಾಯಿಗಿಡುವುದೇ? ಅವನು ಚೀಲದಿಂದ ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೇಪಿನ ಹೊಸ ಸುರುಳಿ ತೆಗೆದು, ಐದೂ ಬಗೆಯ ಬಾಟಲಿಗಳ ತಿರುಪಿಗೆ ಮೂರು ಮೂರು ಸುತ್ತು ಹಾಕಿದ. ತಳ ಬಿಚ್ಚುವ ಬಾಟಲಿಗೆ ತಳದಲ್ಲೂ ಹಾಕಿದ. ಆಮೇಲೆ ಹಲ್ಲು ಕಚ್ಚಿ ಬಿಗಿದ. ಮತ್ತೆ ತಲೆಕೆಳಗು ಮಾಡಿ ನೋಡಿದರೆ ಹನಿಯ ಸುಳಿವಿಲ್ಲ. ಅಡುಗೆಮನೆಯಲ್ಲಿ ಒಬ್ಬನೇ ನಿಂತು ಮೀಸೆ ತಿರುವಿದ.

ಶನಿವಾರ ಸಂಜೆ ಕೊಳವೆಯ ಬಾಟಲಿಯಿಂದ ಶುರುವಾಯಿತು. ಚಿನಕುರಳಿ ನಾಲ್ಕು ಗುಟುಕು ಕುಡಿದಳು. ಐದನೆಯ ಗುಟುಕು! ಆರನೆಯದು! ವಾಷರ್ ಇನ್ನೇನು ಕುಣಿಯಬೇಕು ಎನ್ನುವಾಗ ಮಗಳು ಬಿಲ್ಲಾಗಿ ಬಾಗಿ, ಮನೆ ಹಾರಿಹೋಗುವಂತೆ ಚೀರಿ, ಅಪ್ಪನ ಅಂಗಿಗೆಲ್ಲ ಅಭಿಷೇಕ ಮಾಡಿದಳು. ಭಾನುವಾರ ತಳದ ತೂತಿನದಕ್ಕೂ ಅದೇ ಪಾಡು. ಸೋಮವಾರ ಅಗಲ ಬಾಯಿಯದಕ್ಕೂ ಅಷ್ಟೆ. ಹಾಳೆಯ ತುಂಬ ಕೆಂಪು ಗುರುತುಗಳೇ ಎದ್ದವು. ಹೆಂಡತಿ ತುಟಿ ಕಚ್ಚಿಕೊಂಡು ಒಂದೂ ಬಿಡದೆ ಬರೆಯುತ್ತಿದ್ದಳು.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ವಾಷರನ ಫೋನು ಹೊಡೆದುಕೊಂಡಿತು. ಅವನು ಯಾರದೋ ಸಿಂಕಿನ ಕೆಳಗೆ ಮಲಗಿದ್ದ.

"ರೀ! ಸೊಟ್ಟ ಕುತ್ತಿಗೇದು! ಎಂಬತ್ತು ಎಂಎಲ್ ಕುಡಿದ್ಲು! ಕಕ್ಕಿಲ್ಲ, ಅತ್ತಿಲ್ಲ! ತೇಗಿ ನಿದ್ದೆ ಹೋದ್ಲು!"

ಅವನು ಎದ್ದ ರಭಸಕ್ಕೆ ತಲೆ ಪೈಪಿಗೆ ಬಡಿಯಿತು. ನೋವು ಯಾರಿಗೆ ಬೇಕಿತ್ತು! ಸಿಕ್ಕಿತಲ್ಲ ಬಾಟಲಿ! ಅದೇ ನಂಬರಿನವು ಇನ್ನೂ ಐದು ಕೊಂಡು, ತೊಳೆದು, ಕುದಿಸಿ, ಟೇಪು ಸುತ್ತಿ, ಬಿಗಿದು ಸಾಲಾಗಿ ನಿಲ್ಲಿಸಿದ. ಮಧ್ಯಾಹ್ನ ಮಗಳಿಗೆ ತಾನೇ ಕುಡಿಸಲು ಕೂತ. ನಾಲ್ಕು ಗುಟುಕು. ಬಿಲ್ಲು. ಚೀರು. ಅಭಿಷೇಕ. ಸಂಜೆಯೂ ಅದೇ ಕಥೆ. ಬೆಳಗ್ಗೆ ದೇವತೆಯಾಗಿದ್ದ ಬಾಟಲಿ ಮಧ್ಯಾಹ್ನದೊಳಗೆ ರಾಕ್ಷಸಿ ಆದದ್ದು ಹೇಗೆ ಎಂದು ಯಾರಿಗೂ ತಲೆಬುಡ ಹತ್ತಲಿಲ್ಲ.

"ಬೆಳಗ್ಗೆ ಕೊಟ್ಟಿದ್ದು ಅಮ್ಮ," ಎಂದಳು ಹೆಂಡತಿ ಹಾಳೆ ನೋಡುತ್ತ. "ಅಮ್ಮ, ನೀನು ಏನ್ ಮಾಡ್ದೆ?"

"ನಾನೇನೇ ಮಾಡ್ಲಿ? ಅಳಿಯಂದ್ರು ತುಂಬಿಸಿಟ್ಟಿದ್ದನ್ನೆಲ್ಲ ಕಕ್ಕಿಬಿಡ್ತು. ಹಸಿವು ಅಂತ ಒದ್ದಾಡ್ತಿತ್ತು. ಇನ್ನೊಂದನ್ನ ತೊಳ್ದು ನಾನೇ ಹಾಲು ಹಾಕಿ ಕೊಟ್ಟೆ. ಅದೂ ಸರೀಗೆ ಕೊಡೋಕಾಗ್ಲಿಲ್ಲ, ಮಗೂ ಕುತ್ತಿಗೆಗೆಲ್ಲ ಎರಡು ತೊಟ್ಟು ಸೋರಿತ್ತು."

"ನೋಡಿ ಅತ್ತೆ, ಅದಕ್ಕೇ ಹೇಳಿದ್ದು ನೀವು ಕೈ ಹಾಕ್ಬೇಡಿ ಅಂತ," ಎಂದ ವಾಷರ್. ಹೋದ ವರ್ಷ ಮಣಿಕಟ್ಟು ಮುರಿದುಕೊಂಡಿದ್ದ ಅತ್ತೆ ಮೂಗು ಮುರಿದು ಒಳಗೆ ಹೋದರು.

ಬುಧವಾರ ಬಂತು. ಶುಕ್ರವಾರಕ್ಕೆ ಎರಡೇ ದಿನ. ವಾಷರನ ಮುಖ ಸಪ್ಪಗಾಗಿತ್ತು, ಆದರೂ ಕೆಲಸ ಬಿಡುವಂತಿರಲಿಲ್ಲ. ವಿಜ್ಞಾನದ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ಮೂರು ದಿನದಿಂದ ಫೋನು ಮಾಡುತ್ತಿದ್ದರು. ಟ್ಯಾಂಕು ತುಂಬಿದ್ದರೂ ಮನೆಯ ಯಾವ ನಲ್ಲಿಯಲ್ಲೂ ನೀರಿಲ್ಲವಂತೆ. ಹೋಗಿ ತಿರುಗಿಸಿ ನೋಡಿದ. ನಲ್ಲಿ ಒಮ್ಮೆ ಗೊರ್ ಎಂದಿತು, ನಾಲ್ಕು ಹನಿ ಉಗುಳಿತು, ಮತ್ತೆ ಸುಮ್ಮನಾಯಿತು.

ಮಹಡಿ ಹತ್ತಿ ನೋಡಿದರೆ ಟ್ಯಾಂಕಿನ ಮುಚ್ಚಳ ಭದ್ರವಾಗಿ ಬಿಗಿದಿತ್ತು. ಪಕ್ಕದ ಗಾಳಿಕೊಳವೆಯ ಬಾಯಿಗೆ ಹಳೆಯ ಬನಿಯನ್ ತುರುಕಿ ಹಗ್ಗ ಬೇರೆ ಸುತ್ತಿದ್ದರು.

"ಇದೇನು ಮೇಷ್ಟ್ರೇ?"

"ಸೊಳ್ಳೆ ಹೋಗುತ್ತಲ್ಲಪ್ಪ ಒಳಗೆ. ನಾನೇ ಮುಚ್ಚಿದೆ," ಎಂದರು ಮೇಷ್ಟ್ರು ಹೆಮ್ಮೆಯಿಂದ.

ಐದು ದಿನದಿಂದ ಒಳಗೇ ಕುದಿಯುತ್ತಿದ್ದ ಸಿಟ್ಟಿಗೆ ವಾಷರನಿಗೆ ದಾರಿ ಸಿಕ್ಕಿತು. ಬನಿಯನ್ ಕಿತ್ತು ಅವರ ಮುಖದ ಮುಂದೆ ಆಡಿಸಿದ. ಕೊಳವೆ ಸುಯ್ ಎಂದು ಉಸಿರೆಳೆದುಕೊಂಡಿತು. ಕೆಳಗಿನ ಮನೆಯಿಂದ, ತೆರೆದಿಟ್ಟ ನಲ್ಲಿಗಳಲ್ಲಿ ನೀರು ಧೋ ಎಂದು ಬಿದ್ದ ಸದ್ದು ಕೇಳಿಸಿತು.

"ನಲವತ್ತು ವರ್ಷ ಪಾಠ ಹೇಳ್ದೋರು ನೀವು! ಇಷ್ಟೂ ಗೊತ್ತಾಗಲ್ವಾ? ನೀರು ಹೊರಗೆ ಹೋಗ್ಬೇಕು ಅಂದ್ರೆ ಆ ಜಾಗಕ್ಕೆ ಗಾಳಿ ಒಳಗೆ ಬರ್ಬೇಕು. ಗಾಳಿ ಬರೋ ದಾರೀನೇ ಮುಚ್ಚಿಬಿಟ್ರೆ ನೀರು ಬಾ ಅಂದ್ರೆ ಎಲ್ಲಿಂದ ಬರುತ್ತೆ? ಎಳ್ದೂ ಎಳ್ದೂ ಸಾಯ್ಬೇಕು! ಹಾಲು ಕುಡಿಯೋ ಮಗೂಗೂ ಗೊತ್ತು ಇದು..."

ಅಲ್ಲಿಗೆ ಅವನ ಮಾತು ನಿಂತುಹೋಯಿತು.

ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಕೈಯಲ್ಲಿ ಬನಿಯನು ನೇತಾಡುತ್ತಿತ್ತು. ತಳದ ತೂತು, ಒಳಗಿನ ಕೊಳವೆ, ಅಂಚಿನ ಕಂಡಿ, ತಿರುಪಿನ ಸಂದಿ ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವುಗಳ ಮೇಲೆ ಮೂರು ಮೂರು ಸುತ್ತು ಬಿಳಿ ಟೇಪು. ಗಾಳಿ ಒಳಗೆ ಬರುವ ದಾರಿಯನ್ನು ಹುಡುಕಿ ಹುಡುಕಿ ಮುಚ್ಚಿದವನು ಅವನೇ. ನಿಪ್ಪಲ್ಲು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತಿತ್ತು. ಕೂಸು ಎಳೆದೂ ಎಳೆದೂ ಸೋತು, ತುಟಿಯ ಸಂದಿಯಿಂದ ಬರೀ ಗಾಳಿ ನುಂಗುತ್ತಿತ್ತು. ಅಯ್ಯೋ, ಮಣಿಕಟ್ಟು ಮುರಿದ ಅತ್ತೆ! ತೊಳೆಯುವಾಗ ಟೇಪು ಕಿತ್ತುಹೋಗಿರಬೇಕು, ಮತ್ತೆ ಬಿಗಿಯುವ ಶಕ್ತಿಯೇ ಅವರಿಗೆ ಇರಲಿಲ್ಲ!

"ಯಾಕಪ್ಪಾ, ಮೈ ಸರಿ ಇಲ್ವಾ?" ಎಂದರು ಮೇಷ್ಟ್ರು.

"ಮೇಷ್ಟ್ರೇ, ನಿಮ್ಮ ಕಾಲು ಎಲ್ಲಿ!" ಎಂದು ಅವನು ಬಗ್ಗಿ ಅವರ ಕಾಲು ಮುಟ್ಟಿದ. ಚೀಲ, ಪಾನಾ, ಏಣಿ ಎಲ್ಲವನ್ನೂ ಅಲ್ಲೇ ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದು ಓಡಿದ. ಮೇಷ್ಟ್ರು ಬೈಸಿಕೊಂಡದ್ದೇಕೆ, ನಮಸ್ಕಾರ ಮಾಡಿಸಿಕೊಂಡದ್ದೇಕೆ ಎಂದು ತಿಳಿಯದೆ ನೀರಿನ ಸದ್ದು ಕೇಳುತ್ತ ನಿಂತರು.

ಮನೆ ಹೊಕ್ಕಾಗ ಹೆಂಡತಿ ಬಾಟಲಿ ಹಿಡಿದು ಕೂತಿದ್ದಳು, ಚಿನಕುರಳಿ ಚೀರುತ್ತಿದ್ದಳು. ನಿಪ್ಪಲ್ಲು ನಿಜಕ್ಕೂ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಅವನು ಕೈ ತೊಳೆದು ಬಂದವನೇ ಬಾಟಲಿ ಕಿತ್ತುಕೊಂಡು ರಿಂಗನ್ನು ಹಿಂದಕ್ಕೆ ತಿರುಗಿಸಿದ. ಬಾಟಲಿ ಸಣ್ಣಗೆ ಸುಯ್ ಎಂದಿತು. ನಿಪ್ಪಲ್ಲು ಟಪ್ಪನೆ ಎದ್ದು ನಿಂತಿತು. ಟೇಪನ್ನು ಪೂರ್ತಿ ಕಿತ್ತು, ಮತ್ತೆ ರಿಂಗು ಕೂರಿಸಿ, ಎರಡೇ ಬೆರಳಿನಲ್ಲಿ ಸಾಕಷ್ಟೇ ತಿರುಗಿಸಿ, ಮಗಳ ಬಾಯಿಗಿಟ್ಟ.

ಒಂದು ಗುಟುಕು. ಸಣ್ಣ ಸಣ್ಣ ಗುಳ್ಳೆಗಳು ಹಾಲಿನೊಳಗೆ ಒಂದರ ಹಿಂದೊಂದು ಮೇಲೇರತೊಡಗಿದವು. ಎಂಥ ಚಂದದ ಗುಳ್ಳೆಗಳು! ಅಷ್ಟೂ ಗಾಳಿ ಬಾಟಲಿಗೆ ಹೋಗುತ್ತಿತ್ತು, ಮಗಳ ಹೊಟ್ಟೆಗಲ್ಲ. ನಾಲ್ಕು, ಐದು, ಹತ್ತು, ಇಪ್ಪತ್ತು ಗುಟುಕು. ಕಾಲು ಸೆಳೆಯಲಿಲ್ಲ. ಬಿಲ್ಲಾಗಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತ ತಳ ಕಾಣುವವರೆಗೂ ಕುಡಿದಳು.

"ಏನ್ರೀ ಮಾಡಿದ್ರಿ?" ಎಂದಳು ಹೆಂಡತಿ.

"ಏನೂ ಮಾಡ್ಲಿಲ್ಲ ಕಣೇ. ಮಾಡಿದ್ದನ್ನ ಬಿಚ್ಚಿದೆ." ಅವನು ಎಲ್ಲವನ್ನೂ ಹೇಳಿದ. ಹೆಂಡತಿ ಮೊದಲು ಅವನ ಭುಜಕ್ಕೆ ಗುದ್ದಿದಳು. ಆಮೇಲೆ ಅದೇ ಭುಜಕ್ಕೆ ತಲೆಯಿಟ್ಟು ನಕ್ಕಳು. ನಗುತ್ತ ನಗುತ್ತ ಅತ್ತಳು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ನಂಗಂತೂ ಕೈ ಹಾಕ್ಬೇಡಿ ಅಂದ್ರಪ್ಪಾ," ಎಂದು ಸೊಂಟಕ್ಕೆ ಕೈಯಿಟ್ಟರು. ಅವನು ಅವರಿಗೂ ಕೈಮುಗಿದ.

"ಆದ್ರೆ ಇದು ಮನೆಯಿಂದ ಆಚೆ ಹೋಗ್ಬಾರ್ದು," ಎಂದ. "ವಾಷರ್ ಬಿಗಿದ ಬಿಗಿತಕ್ಕೆ ಅವನ ಮಗಳೇ ಉಪವಾಸ ಬಿದ್ಲು ಅಂತ ಗೊತ್ತಾದ್ರೆ ಬೀದೀಲಿ ತಲೆ ಎತ್ತೋಕಾಗುತ್ತಾ? ಡಾಕ್ಟ್ರಿಗೂ ಹೇಳ್ಬೇಡ. ಬಾಟ್ಲಿ ಬದಲಾಯಿಸಿದ್ವಿ, ಸರಿ ಹೋಯ್ತು ಅನ್ನು. ಸುಳ್ಳೇನಲ್ವಲ್ಲ."

ಹೆಂಡತಿ ಹಾಳೆಗೆ ಹೊಸ ಗೆರೆ ಎಳೆಯುತ್ತಿದ್ದಳು. ಹೂಂ ಎಂದಳಷ್ಟೆ.

ಆ ಎರಡು ದಿನ ಮನೆಯಲ್ಲಿ ಹಬ್ಬವೋ ಹಬ್ಬ. ಹಾಳೆಯಲ್ಲಿ ಹಸಿರು ಗುರುತುಗಳು ಸಾಲುಗಟ್ಟಿದವು. ಪ್ರತಿ ತೇಗಿಗೂ ಅತ್ತೆ ಚಪ್ಪಾಳೆ ತಟ್ಟಿದರು. ವಾಷರ್ ಹೊಸ ನಾಲ್ಕೂ ಬಗೆಯ ಬಾಟಲಿಗಳನ್ನು ಸರಿಯಾಗಿ ಜೋಡಿಸಿ ಒಂದೊಂದನ್ನೂ ಮತ್ತೆ ಪರೀಕ್ಷೆಗೆ ಹಚ್ಚಿದ. ಈ ಸಲ ಬುಟ್ಟಿಯಿಂದ ಚೀಟಿಗಳನ್ನು ಹೆಕ್ಕಿ, ಸುಕ್ಕು ಬಿಡಿಸಿ, ಎರಡೆರಡು ಸಲ ಓದಿ. ಎಲ್ಲವೂ ಪಾಸಾದವು. ಸೊಟ್ಟ ಕುತ್ತಿಗೆಯದು ಎಲ್ಲಕ್ಕಿಂತ ಮುಂದಿತ್ತು. ಅದನ್ನೇ ಆರಿಸಿದರು.

ಶುಕ್ರವಾರ ಡಾಕ್ಟರ ಕೋಣೆಯ ಹೊರಗೆ ಕೂರಲು ಜಾಗವಿರಲಿಲ್ಲ. ಕಾದಿದ್ದವರಲ್ಲಿ ಇಬ್ಬರ ಮನೆಯ ನಲ್ಲಿಗಳನ್ನು ವಾಷರನೇ ಕೂರಿಸಿದ್ದ. ಅವರು ನಕ್ಕರು, ಅವನೂ ಮೀಸೆಯಡಿ ನಕ್ಕ. ಸರದಿ ಬಂತು, ಅತ್ತೆಯೂ ಜೊತೆಗೇ ಒಳಗೆ ಬಂದರು. ಬಟ್ಟೆ ಬಿಚ್ಚಿ ಮಗಳನ್ನು ತಕ್ಕಡಿಯ ಮೇಲೆ ಮಲಗಿಸಿದರು. ಅಂಕಿಗಳು ಹಿಂದೆ ಮುಂದೆ ಓಡಾಡಿ ನಿಂತವು. ನೂರಾ ಹತ್ತು ಗ್ರಾಂ ಏರಿತ್ತು.

ಏರಿತ್ತು! ಆದರೆ ನಲವತ್ತು ಗ್ರಾಂ ಕಡಿಮೆ.

ಡಾಕ್ಟರಮ್ಮ ಕನ್ನಡಕ ತೆಗೆದರು. "ಪ್ರಯತ್ನ ಪಟ್ಟಿದ್ದೀರಿ, ಗೊತ್ತು. ಆದ್ರೆ ಆರು ದಿನಕ್ಕೆ ಇದು ಸಾಲಲ್ಲ. ಕಾಯೋದು ಒಳ್ಳೇದಲ್ಲ, ಇವತ್ತೇ ಸೇರಿಸಿಕೊಂಡು ಟ್ಯೂಬ್ ಹಾಕ್ಬಿಡೋಣ," ಎಂದು ಆಸ್ಪತ್ರೆಯ ಫಾರಂ ಎಳೆದುಕೊಂಡು ಬರೆಯತೊಡಗಿದರು.

ಹೆಂಡತಿ ಹಾಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಗಂಡನ ಮುಖ ನೋಡಿದಳು. ಮಾತು ಕೊಟ್ಟಿದ್ದಳು, ಬಾಯಿ ಬಿಡಲಿಲ್ಲ. ಬಾಗಿಲು ಅರ್ಧ ತೆರೆದೇ ಇತ್ತು. ಹೊರಗಿನವರಿಗೆ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಡಾಕ್ಟರ ಪೆನ್ನು ಎರಡನೆಯ ಸಾಲಿಗೆ ಬಂತು.

"ಡಾಕ್ಟ್ರೇ, ಆರು ದಿನ ಅಲ್ಲ, ಎರಡೇ ದಿನ!" ಅವನು ಕೂಗಿಯೇ ಬಿಟ್ಟ. "ಮೊದಲ ನಾಲ್ಕು ದಿನ ಅವಳಿಗೆ ಹಾಲು ಸಿಗದ ಹಾಗೆ ನಾನೇ ಮಾಡಿದ್ದೆ. ಸೋರ್ಬಾರ್ದು ಅಂತ ಬಾಟ್ಲಿಗೆ ನಲ್ಲಿ ಟೇಪು ಸುತ್ತಿ, ಜೀವ ಹೋಗೋ ಹಾಗೆ ಬಿಗಿದಿದ್ದೆ. ಗಾಳಿ ಹೋಗೋ ತೂತೆಲ್ಲ ಮುಚ್ಚಿಬಿಟ್ಟಿದ್ದೆ. ಬಾಟ್ಲಿ ತಪ್ಪಲ್ಲ, ನನ್ನ ಹೆಂಡ್ತಿ ತಪ್ಪಲ್ಲ, ಮಗೂ ತಪ್ಪಂತೂ ಅಲ್ವೇ ಅಲ್ಲ. ನನ್ನ ಜಂಬದ ತಪ್ಪು. ಬುಧವಾರ ಬಿಚ್ಚಿದೆ. ನೂರಾ ಹತ್ತೂ ಆಮೇಲೆ ಬಂದಿದ್ದು. ಹಾಳೆ ನೋಡಿ ಡಾಕ್ಟ್ರೇ, ದಮ್ಮಯ್ಯ, ಹಾಳೆ ನೋಡಿ!"

ಹೆಂಡತಿ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು ಮೇಲಿನಿಂದ ಓದಿದರು. ಕೆಂಪು, ಕೆಂಪು, ಕೆಂಪು, ನಡುವೆ ಅತ್ತೆಯ ಒಂದು ಹಸಿರು, ಮತ್ತೆ ಕೆಂಪು. ಬುಧವಾರ ಹನ್ನೆರಡರಿಂದ ಮುಂದೆ ಒಂದೂ ಕೆಂಪಿಲ್ಲ.

"ನಲ್ಲಿ ಟೇಪಾ?" ಎಂದರು ಅವರು ನಿಧಾನವಾಗಿ.

"ಮೂರು ಸುತ್ತು," ಎಂದ ವಾಷರ್ ತಲೆ ತಗ್ಗಿಸಿ.

ಡಾಕ್ಟರಮ್ಮ ಫಾರಂ ಅನ್ನು ಪಕ್ಕಕ್ಕಿಟ್ಟರು, ಹರಿಯಲಿಲ್ಲ. "ಈಗ ಹಾಲಿನ ಹೊತ್ತಾಗಿದೆಯಾ? ಹಾಗಿದ್ರೆ ನನ್ನ ಎದುರಿಗೇ ಕುಡಿಸಿ. ನೋಡಿ ಹೇಳ್ತೀನಿ."

ಅವನು ಬಾಟಲಿ ತೆಗೆದ. ರಿಂಗು ಎರಡು ಸಲ ಸೊಟ್ಟಗೆ ಕೂತಿತು. ಮೂರನೆಯ ಸಲ ಸರಿಯಾಯಿತು. ಮೂಲೆಯ ಕುರ್ಚಿಯಲ್ಲಿ ಕೂತು ಮಗಳ ತಲೆಯನ್ನು ಮೊಣಕೈಯಲ್ಲಿ ಸ್ವಲ್ಪ ಎತ್ತರಕ್ಕಿಟ್ಟುಕೊಂಡು ಕುಡಿಸತೊಡಗಿದ. ಡಾಕ್ಟರು, ಹೆಂಡತಿ, ಅತ್ತೆ ಮೂವರೂ ಬಾಟಲಿಯನ್ನೇ ನೋಡಿದರು. ಗುಳ್ಳೆಗಳು ಏರಿದವು. ಹಾಲು ಇಳಿಯಿತು. ತೊಂಬತ್ತು ಎಂಎಲ್ ಖಾಲಿ.

ಅವನು ಮಗಳನ್ನು ಹೆಗಲಿಗೇರಿಸಿ ಬೆನ್ನು ಸವರಿದ. ಒಂದು ನಿಮಿಷ ಆಯಿತು, ಎರಡಾಯಿತು. ಡಾಕ್ಟರಮ್ಮ ಗಡಿಯಾರ ನೋಡಿದರು. ಆಗ ಬಂತು ನೋಡಿ ಒಂದು ತೇಗು! ಗಂಡಸರೂ ನಾಚುವಂಥ ತೇಗು! ಹೊರಗೆ ಕೂತಿದ್ದವರು ಗೊಳ್ಳೆಂದು ನಕ್ಕರು. ಯಾರೋ "ಶಹಬ್ಬಾಸ್!" ಎಂದರು. ಅಂಗಿಯ ಮೇಲೆ ಒಂದು ತೊಟ್ಟೂ ಬೀಳಲಿಲ್ಲ.

"ಸೋಮವಾರ ಬನ್ನಿ, ಮತ್ತೆ ತೂಕ ನೋಡೋಣ," ಎಂದು ಡಾಕ್ಟರಮ್ಮ ಫಾರಂ ಅನ್ನು ನಾಲ್ಕು ಚೂರು ಮಾಡಿದರು. "ಇವತ್ತು ಯಾರನ್ನೂ ಸೇರಿಸಿಕೊಳ್ಳಲ್ಲ."

ಹೆಂಡತಿ ಹಾಳೆ ಮಡಚಿದಳು, ಅತ್ತೆ ಚೀಲ ತೆಗೆದುಕೊಂಡರು. ವಾಷರ್ ಮಾತ್ರ ಕದಲಲಿಲ್ಲ. ಹುಟ್ಟಿದಾಗಿನಿಂದ ಈ ಬುಧವಾರದವರೆಗೆ ಅವನ ತೋಳಿನಲ್ಲಿ ಹಾಲು ಕುಡಿದ ಮೇಲೆ ಅಳದೆ ಇದ್ದ ದಿನವೇ ಇಲ್ಲದ ಮಗಳು, ಇಂದು ಮೊದಲ ಸಲ ಅವನ ಹೆಗಲ ಮೇಲೆ ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದಳು. ಎದ್ದರೆ ಎಲ್ಲಿ ಎಚ್ಚರವಾದಾಳೋ ಎಂದು ಅವನಿಗೆ ಭಯ. ಮೀಸೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

"ಡಾಕ್ಟ್ರೇ, ಒಂದೈದು ನಿಮಿಷ..." ಎಂದು ಅವನು ತುಟಿಯಲ್ಲೇ ಹೇಳಿದ.

ಅವರು ಸರಿ ಎಂದು ತಲೆಯಾಡಿಸಿ, ಬಾಗಿಲಿಗೆ ಹೋಗಿ, ಮುಂದಿನ ಮಗುವಿನವರನ್ನು ಪಿಸುಮಾತಿನಲ್ಲಿ ಒಳಗೆ ಕರೆದರು.